ಬಡ್ಡಿ ಏರಿಸಿದರೆ ಟೊಮೆಟೊ ಜಾಸ್ತಿ ಬಿಡುತ್ತಾ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮಂಡ್ಯದ ಕಾಲೇಜೊಂದರಲ್ಲಿ ಬಹಳ ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವಳು. ಮನೆ ಮೈಸೂರಿನಲ್ಲಿ. ಬೆಳಿಗ್ಗೆ ರೈಲಿನಲ್ಲಿ ಹೋಗುವುದು, ಸಂಜೆ ರೈಲಿನಲ್ಲಿ ಬರುವುದು. 2023ರ ಮಳೆಗಾಲದ ಒಂದು ದಿನ ಕ್ಲಾಸಿನಲ್ಲಿ ರೆಪೊ ದರದ, ಅಂದರೆ ರಿಸರ್ವ್ ಬ್ಯಾಂಕಿನ ಬಡ್ಡಿ ದರದ, ಪಾಠ ನಡೆದಿತ್ತು. ಆಗ ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿತ್ತು, ನಿಮಗೆ ನೆನಪಿರಬಹುದು. ಬೆಲೆ ಏರಿದಾಗ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸುತ್ತದೆ ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಮದ್ದೂರು ಕಡೆಯ ಒಬ್ಬ ಹುಡುಗ ಎದ್ದು ನಿಂತ.

"ಮೇಡಂ, ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿದರೆ ಗಿಡದಲ್ಲಿ ಟೊಮೆಟೊ ಜಾಸ್ತಿ ಬಿಡುತ್ತಾ?"

ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಇವತ್ತಿಗೂ ವಾದ ಮಾಡುತ್ತಿರುವ ಪ್ರಶ್ನೆಯನ್ನೇ ಆ ಹುಡುಗ ಕೇಳಿದ್ದ. ಇವತ್ತು ನಿಮ್ಮ ಮುಂದೆ ಇಡಬೇಕು ಅನ್ನಿಸಿದ್ದೂ ಅದನ್ನೇ.

ಮೊದಲು ನೋಟಿನ ವಿಷಯ. ಮೈಸೂರಿನವರಿಗೆ ಮೇಟಗಳ್ಳಿ ಗೊತ್ತು. ಅಲ್ಲಿನ ನೋಟು ಮುದ್ರಣ ನಗರದಲ್ಲಿ 1996ರಿಂದ ನೋಟು ಅಚ್ಚಾಗುತ್ತಿದೆ. ನೋಟಿನ ಕಾಗದ ಮಾಡುವ ಕಾರ್ಖಾನೆ ನಮ್ಮ ಊರಿನಲ್ಲಿದೆ. ಶಾಯಿ ಮಾಡುವ ವರ್ಣಿಕಾ ಘಟಕವೂ ಇಲ್ಲೇ ಇದೆ. ಕಾಗದ, ಶಾಯಿ, ಅಚ್ಚು ಮೂರೂ ಇಲ್ಲೇ ಇರುವಾಗ ಬೇಕಾದಷ್ಟು ಅಚ್ಚು ಹಾಕಿ ಹಂಚಿದರೆ ಬಡತನ ಹೋಗಲ್ವಾ ಅಂತ ಮಕ್ಕಳು ಕೇಳುತ್ತಾರೆ. ಹೋಗುವುದಿಲ್ಲ. ಸಂತೆಯಲ್ಲಿ ಇರುವ ಅಕ್ಕಿ ಅಷ್ಟೇ ಇದ್ದು, ಬಂದವರ ಕೈಯಲ್ಲೆಲ್ಲ ದುಡ್ಡು ಎರಡರಷ್ಟಾದರೆ ಅಕ್ಕಿಯ ಬೆಲೆ ಏರುತ್ತದೆ. ಆಸೆ ಮಾತ್ರ ಮಕ್ಕಳದ್ದಷ್ಟೇ ಅಲ್ಲ, ಸರ್ಕಾರಗಳಿಗೂ ಇರುತ್ತದೆ. 1955ರಿಂದ ಒಂದು ಏರ್ಪಾಡು ಇತ್ತು. ಕೇಂದ್ರ ಸರ್ಕಾರದ ಖಾತೆಯಲ್ಲಿ ಹಣ ಕಡಿಮೆಯಾದ ಕೂಡಲೇ ಅಡ್‌ಹಾಕ್ ಟ್ರೆಷರಿ ಬಿಲ್ಲು, ಅಂದರೆ ಸರ್ಕಾರ ಬರೆದುಕೊಡುವ ತಾತ್ಕಾಲಿಕ ಸಾಲಪತ್ರದ ಮೇಲೆ ರಿಸರ್ವ್ ಬ್ಯಾಂಕ್ ಹೊಸ ಹಣ ಸೃಷ್ಟಿಸಿ ತಾನಾಗಿ ತುಂಬಿಕೊಡಬೇಕು. ಸ್ವಲ್ಪ ದಿನದ ಅನುಕೂಲ ಅಂತ ಶುರುವಾದದ್ದು ನಲವತ್ತು ವರ್ಷ ನಡೆಯಿತು. ಸಿ. ರಂಗರಾಜನ್ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದಾಗ ಸರ್ಕಾರದ ಜೊತೆ ಒಪ್ಪಂದವಾಗಿ, 1997ರ ಏಪ್ರಿಲ್‌ನಲ್ಲಿ ಅದು ನಿಂತಿತು. ನನ್ನ ಮಟ್ಟಿಗೆ ನಮ್ಮ ರಿಸರ್ವ್ ಬ್ಯಾಂಕಿನ ಚರಿತ್ರೆಯಲ್ಲಿ ಇದು ಬಹಳ ದೊಡ್ಡ ದಿನ. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ, ಅದೇ ಬೇಜಾರು.

ಸರ್ಕಾರಕ್ಕೂ ರಿಸರ್ವ್ ಬ್ಯಾಂಕಿಗೂ ಜಗಳ ಹೊಸದಲ್ಲ. ಮಂಗಳೂರು ಮೂಲದ ಬೆನೆಗಲ್ ರಾಮರಾವ್ 1949ರಿಂದ ಗವರ್ನರ್ ಆಗಿದ್ದರು. ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ಹುಂಡಿಗಳ, ಅಂದರೆ ವ್ಯಾಪಾರಿಗಳು ಸಾಲ ಎತ್ತಲು ಬಳಸುವ ಪತ್ರಗಳ ಮೇಲಿನ ಮುದ್ರಾಂಕ ಶುಲ್ಕ ಏರಿಸಿದಾಗ, ಇದು ನಮ್ಮನ್ನು ಕೇಳದೆ ಬಡ್ಡಿ ಏರಿಸಿದ ಹಾಗೆ ಎಂದು ರಾಮರಾವ್ ಆಕ್ಷೇಪಿಸಿದರು. ನೆಹರೂ ಮಂತ್ರಿಯ ಪರ ನಿಂತರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟು ಹೊರಟರು.

ಈಗ ಬಡ್ಡಿ ನಿರ್ಧಾರ ಒಬ್ಬರ ಕೈಯಲ್ಲಿಲ್ಲ. 2016ರಲ್ಲಿ ಕಾಯ್ದೆ ತಿದ್ದಿ ಆರು ಜನರ ಹಣಕಾಸು ನೀತಿ ಸಮಿತಿ ಮಾಡಿದರು. ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸುವ ಹೊರಗಿನವರು. ಮತ ಸಮ ಆದರೆ ಗವರ್ನರ್ ಮತ ನಿರ್ಣಾಯಕ. ಹಣದುಬ್ಬರ, ಅಂದರೆ ಒಂದು ವರ್ಷದಲ್ಲಿ ಬೆಲೆಗಳು ಏರುವ ಪ್ರಮಾಣ, ಶೇಕಡ 4ರ ಆಸುಪಾಸಿನಲ್ಲಿ ಇರಬೇಕು. 2ಕ್ಕಿಂತ ಕೆಳಗೆ ಹೋಗಬಾರದು, 6ಕ್ಕಿಂತ ಮೇಲೆ ಏರಬಾರದು. ಇದು ಅವರಿಗೆ ಕೊಟ್ಟ ಕೆಲಸ. ಅವರ ಕೈಯಲ್ಲಿರುವ ಮುಖ್ಯ ಸಾಧನ ರೆಪೊ. ಬ್ಯಾಂಕುಗಳು ಸರ್ಕಾರಿ ಸಾಲಪತ್ರ ಒತ್ತೆ ಇಟ್ಟು ರಿಸರ್ವ್ ಬ್ಯಾಂಕಿನಿಂದ ಹಣ ಪಡೆಯುವಾಗ ಕೊಡುವ ಬಡ್ಡಿ ಅದು. ಅದು ಏರಿದರೆ ನಮ್ಮ ಸಾಲದ ಬಡ್ಡಿಯೂ ಏರುತ್ತದೆ. ಸಾಲ ದುಬಾರಿಯಾದರೆ ಜನ ಕೊಳ್ಳುವುದು ಕಡಿಮೆ ಮಾಡುತ್ತಾರೆ, ಬೆಲೆ ತಣ್ಣಗಾಗುತ್ತದೆ ಅನ್ನುವ ಲೆಕ್ಕ.

ಈ ಲೆಕ್ಕ ಮನೆಯೊಳಗೆ ಹೇಗೆ ಬಂದು ಕೂರುತ್ತದೆ ನೋಡಿ. ಕೋವಿಡ್ ಬಂದಾಗ ರೆಪೊ ಶೇಕಡ 4ಕ್ಕೆ ಇಳಿದಿತ್ತು. 2022ರ ಏಪ್ರಿಲ್‌ನಲ್ಲಿ ಹಣದುಬ್ಬರ 7.79 ಆಯಿತು. ಮೇ 4ರಿಂದ ಬಡ್ಡಿ ಏರಿಸಲು ಶುರು ಮಾಡಿ, 2023ರ ಫೆಬ್ರವರಿ ಹೊತ್ತಿಗೆ ಆರೂವರೆಗೆ ತಂದರು. ಒಂಬತ್ತು ತಿಂಗಳಲ್ಲಿ ಎರಡೂವರೆ ಪರ್ಸೆಂಟ್. ವಿಜಯನಗರದಲ್ಲಿ ಮನೆ ಮಾಡಿದ ನನ್ನ ತಂಗಿಯ ಮಗ ಒಂದು ದಿನ ಬಂದು, "ದೊಡ್ಡಮ್ಮ, ಕಂತು ಅಷ್ಟೇ ಇದೆ, ಆದರೆ ಸಾಲ ಕರಗುತ್ತಲೇ ಇಲ್ಲ" ಎಂದ. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. 20 ಲಕ್ಷ ಸಾಲ, 20 ವರ್ಷ, ಬಡ್ಡಿ 7 ಆದರೆ ತಿಂಗಳ ಕಂತು ಸುಮಾರು 15,500. ಬಡ್ಡಿ ಒಂಬತ್ತೂವರೆ ಆದರೆ ಕಂತು ಸುಮಾರು 18,640 ಆಗಬೇಕು. ಕಂತು ಏರಿಸದೆ ಬಿಟ್ಟರೆ? 20 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 15,833 ರೂಪಾಯಿ. ಕಟ್ಟುವ ಕಂತು ಬಡ್ಡಿಗೇ ಸಾಲದು! ಬ್ಯಾಂಕು ಅವನನ್ನು ಕೇಳದೆ ಅವಧಿಯನ್ನು ಉದ್ದ ಮಾಡಿತ್ತು. ಹೀಗೆ ಸಿಕ್ಕಿಕೊಂಡವರು ಬಹಳ ಜನ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸೂಚನೆ ಹೊರಡಿಸಿತು. ಬಡ್ಡಿ ಬದಲಾದಾಗ ಸಾಲಗಾರನಿಗೆ ತಿಳಿಸಬೇಕು. ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ ಎಂದು ಆರಿಸಿಕೊಳ್ಳಲು ಬಿಡಬೇಕು. ನಿಮ್ಮ ಮನೆ ಸಾಲ ಇದ್ದರೆ ದಯವಿಟ್ಟು ಬ್ಯಾಂಕಿಗೆ ಹೋಗಿ ಎಷ್ಟು ಕಂತು ಉಳಿದಿದೆ ಎಂದು ಕೇಳಿ.

ಸರಿ, ಬಡ್ಡಿಯ ಭಾರ ಸಾಲಗಾರನ ಮೇಲೆ ಬಿತ್ತು. ಟೊಮೆಟೊಗೆ ಏನಾಯಿತು? 2023ರ ಜುಲೈನಲ್ಲಿ ಹಣದುಬ್ಬರ 7.44ಕ್ಕೆ ಹಾರಿತು, ತರಕಾರಿಯೇ ಮುಖ್ಯ ಕಾರಣ. ಆಗಸ್ಟ್‌ನಲ್ಲಿ ಸಮಿತಿ ಬಡ್ಡಿಯನ್ನು ಮುಟ್ಟಲಿಲ್ಲ. ಹೊಸ ಬೆಳೆ ಮಾರುಕಟ್ಟೆಗೆ ಬಂತು, ಬೆಲೆ ತಾನೇ ಕುಸಿಯಿತು. ಮದ್ದೂರಿನ ಹುಡುಗನಿಗೆ ನಾನು ಅವತ್ತು ಹೇಳಿದ್ದೂ ಅದನ್ನೇ. ಇಲ್ಲಪ್ಪ, ಬಡ್ಡಿಯಿಂದ ಗಿಡದಲ್ಲಿ ಒಂದು ಕಾಯಿಯೂ ಜಾಸ್ತಿ ಬಿಡುವುದಿಲ್ಲ.

ಹಾಗಾದರೆ ಆಹಾರದ ಬೆಲೆಯನ್ನು ರಿಸರ್ವ್ ಬ್ಯಾಂಕಿನ ಗುರಿಯಿಂದಲೇ ತೆಗೆದುಬಿಡೋಣ ಅಲ್ವಾ? 2024ರ ಜುಲೈನಲ್ಲಿ ಬಂದ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆ ಹೆಚ್ಚುಕಡಿಮೆ ಇದನ್ನೇ ಸೂಚಿಸಿತು. ವಾದ ಕೇಳಲು ಚೆನ್ನಾಗಿದೆ. ಆದರೂ ನಾನು ಒಪ್ಪುವುದಿಲ್ಲ. ಹಣದುಬ್ಬರ ಅಳೆಯಲು ಆಗ ಬಳಸುತ್ತಿದ್ದ, 2012ನ್ನು ಆಧಾರ ವರ್ಷ ಮಾಡಿಕೊಂಡ ಬೆಲೆ ಸೂಚ್ಯಂಕದಲ್ಲಿ ಊಟ ತಿಂಡಿಯ ಪಾಲು ಶೇಕಡ 45.86 ಇತ್ತು. ಹಳ್ಳಿಯದನ್ನೇ ತೆಗೆದುಕೊಂಡರೆ 54.18. ಆ ಸೂಚ್ಯಂಕದ ಪ್ರಕಾರ ಹಳ್ಳಿಯ ಮನೆಯ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದದ್ದನ್ನು ಬಿಟ್ಟು ಲೆಕ್ಕ ಹಾಕಿದರೆ, ಅದು ಯಾರ ಹಣದುಬ್ಬರ? ಬೇಳೆ, ಎಣ್ಣೆ, ಅಕ್ಕಿ ತಿಂಗಳುಗಟ್ಟಲೆ ದುಬಾರಿಯಾಗಿಯೇ ಇದ್ದರೆ ಕಬ್ಬು ಕಡಿಯುವವರು ಕೂಲಿ ಜಾಸ್ತಿ ಕೇಳುತ್ತಾರೆ. ಮನೆಗೆಲಸದವರು ಕೇಳುತ್ತಾರೆ. ಹೋಟೆಲಿನವರು ದೋಸೆಗೆ ಐದು ರೂಪಾಯಿ ಏರಿಸುತ್ತಾರೆ. ಒಂದು ಸಲ ಏರಿದ ದೋಸೆ ಇಳಿಯುವುದಿಲ್ಲ. ಎರಡು ತಿಂಗಳ ಟೊಮೆಟೊ ಬೇರೆ, ಎರಡು ವರ್ಷದ ಬೇಳೆ ಬೇರೆ. ಆಗ ಗವರ್ನರ್ ಆಗಿದ್ದ ಶಕ್ತಿಕಾಂತ ದಾಸ್ ಕೂಡ, ಆಹಾರದ ಬೆಲೆ ಏರಿಕೆ ಬಿಡದೆ ಮುಂದುವರಿದರೆ ಕಣ್ಣು ಮುಚ್ಚಿ ಕೂರಲು ಆಗದು ಎಂಬ ನಿಲುವನ್ನೇ ಹಿಡಿದರು.

ನನ್ನ ಸಂಕಟ ಬೇರೆಯದು. ಬಡ್ಡಿಗೆ ಬಗ್ಗದ ಆಹಾರದ ಬೆಲೆಯನ್ನು ಬಗ್ಗಿಸಲು ದೆಹಲಿ ಇನ್ನೊಂದು ದಾರಿ ಹಿಡಿಯುತ್ತದೆ. 2022ರ ಜೂನ್‌ನಿಂದ ಸಕ್ಕರೆ ರಫ್ತಿಗೆ ಮಿತಿ. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿ ರಫ್ತಿಗೆ ನಿಷೇಧ. ಮರುತಿಂಗಳು ಈರುಳ್ಳಿ ರಫ್ತಿನ ಮೇಲೆ ಶೇಕಡ 40 ಸುಂಕ. ಕಬ್ಬು, ಭತ್ತ ಅಂದರೆ ಮಂಡ್ಯ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರುಗಳ ಬದುಕೇ ಅದು. ಬೆಲೆ ಬಿದ್ದಾಗ ರೈತ ಒಬ್ಬನೇ ಹೊರಬೇಕು. ಬೆಲೆ ಏರಿದಾಗ ಬಾಗಿಲು ಹಾಕುತ್ತಾರೆ. ಪಟ್ಟಣದ ಬೆಲೆ ಇಳಿಸಲು ನಾವು ಸುಮ್ನೆ ರೈತನ ಜೇಬಿಗೆ ಕೈ ಹಾಕುತ್ತೇವೆ. ಹಣದುಬ್ಬರ ನಿಯಂತ್ರಣ ಅಂತ ಅದಕ್ಕೆ ಹೆಸರಿಡುತ್ತೇವೆ.

2025ರ ಅಕ್ಟೋಬರ್ ಅಂಕಿ ನೋಡಿ. ಹಣದುಬ್ಬರ ಬರೀ 0.25. ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇಕಡ 5ರಷ್ಟು ಇಳಿದಿತ್ತು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಆರ್ಥಿಕ ಬೆಳವಣಿಗೆ 8.2 ಎಂದು ಪ್ರಕಟವಾಯಿತು. ಡಿಸೆಂಬರ್‌ನಲ್ಲಿ ರೆಪೊ 5.25ಕ್ಕೆ ಇಳಿಯಿತು. ಬೆಳವಣಿಗೆ ಮೇಲೆ, ಬೆಲೆ ಕೆಳಗೆ, ಎಲ್ಲರಿಗೂ ಖುಷಿ. ನನಗೂ ಸಾಲಗಾರರಿಗೆ ಸಿಕ್ಕ ಉಸಿರು ಕಂಡು ಸಮಾಧಾನವಾಯಿತು. ಆದರೆ ತರಕಾರಿ, ಬೇಳೆ ಅಗ್ಗವಾದದ್ದು ಯಾರ ವರಮಾನದಿಂದ? ಬೆಳೆದವನು ಅದೇ ಕಂತು, ಅದೇ ಗೊಬ್ಬರದ ಬಿಲ್ಲು ಕಟ್ಟಬೇಕಲ್ಲ. ಕೆಳಗೂ 2 ಎಂಬ ಮಿತಿ ಇದೆ, ಅದನ್ನು ಮರೆಯಬಾರದು. ಬೆಲೆ ಏರಿದರೆ ಪತ್ರಿಕೆಯ ಮೊದಲ ಪುಟದಲ್ಲಿ ಬರುತ್ತದೆ. 2ಕ್ಕಿಂತ ಕೆಳಗೆ ಬಿದ್ದರೆ ಅಷ್ಟು ಗದ್ದಲ ಆಗುವುದಿಲ್ಲ. ನನ್ನ ಪ್ರಕಾರ ಎರಡೂ ಸಮಾನ ತಪ್ಪು. ಟೊಮೆಟೊಗೆ ಬೇಕಾದದ್ದು ಶೈತ್ಯಾಗಾರ, ಹತ್ತಿರದಲ್ಲೇ ಸಂಸ್ಕರಣಾ ಘಟಕ, ಮಳೆ ತಪ್ಪಿದರೂ ಬೆಳೆ ಉಳಿಸುವ ನೀರು. ಅದು ಸರ್ಕಾರದ ಕೆಲಸ, ರಿಸರ್ವ್ ಬ್ಯಾಂಕಿನದಲ್ಲ.

ಇನ್ನೊಂದು ಮಾತು. ಸತತ ಮೂರು ತ್ರೈಮಾಸಿಕ ಹಣದುಬ್ಬರ ಮಿತಿ ದಾಟಿದರೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಪತ್ರ ಬರೆದು ಕಾರಣ ಹೇಳಬೇಕು. ಏನು ಮಾಡುತ್ತೇವೆ, ಎಷ್ಟು ಸಮಯ ಬೇಕು ಅಂತಲೂ ತಿಳಿಸಬೇಕು. 2022ರಲ್ಲಿ ಹಾಗೇ ಆಯಿತು. ನವೆಂಬರ್ 3ರಂದು ಸಮಿತಿ ವಿಶೇಷವಾಗಿ ಸೇರಿತು. ಪತ್ರ ಹೋಯಿತು. ಆಗ ಅದನ್ನು ಜನರ ಮುಂದೆ ಇಡಲಿಲ್ಲ. ಬೆಲೆ ಕೊಟ್ಟವರು ನಾವು, ಏರಿದ ಕಂತು ಕಟ್ಟಿದವರು ನಾವು. ಆ ಪತ್ರ ಓದುವ ಹಕ್ಕು ನಮಗೆ ಇಲ್ಲವೇ? ಮುಂದೆ ಯಾವತ್ತಾದರೂ ಅಂಥ ಪತ್ರ ಬರೆಯುವ ಸಂದರ್ಭ ಬಂದರೆ ಅದನ್ನು ಅದೇ ದಿನ ಪ್ರಕಟಿಸಬೇಕು, ಕನ್ನಡದಲ್ಲೂ ಪ್ರಕಟಿಸಬೇಕು. ಮದ್ದೂರಿನ ಹುಡುಗ ಅದನ್ನು ಓದಿ, ಎದ್ದು ನಿಂತು, ಇನ್ನೊಂದು ಪ್ರಶ್ನೆ ಕೇಳುವ ಹಾಗೆ ಇರಬೇಕು.

ನಮಸ್ಕಾರ.