ತಾನು ಮಾಡಿದ ಹುಳಿಯಲ್ಲಿ ತಾನೇ ಬಾಳುವ ಜೀವಿ

ಕೇಳುಗರಿಗೆ ನಮಸ್ಕಾರ.

ಅಗಲಬಾಯಿಯ ಪಾತ್ರೆಯಲ್ಲಿ ದ್ರಾಕ್ಷಿಯ ಮದ್ಯವನ್ನು ತೆರೆದಿಟ್ಟು ಕೆಲವು ದಿನ ಮರೆತುಬಿಟ್ಟರೆ ಅದರ ಮೇಲೆ ಬೂದು ಬಣ್ಣದ ಪೊರೆಯೊಂದು ಕಟ್ಟುತ್ತದೆ. ತಣಿದ ಹಾಲಿನ ಕೆನೆಯ ಹಾಗೆ ಅಲ್ಲಲ್ಲಿ ಸುಕ್ಕುಗಟ್ಟಿರುತ್ತದೆ. ಬಗ್ಗಿ ನೋಡಿದರೆ ಹುಳಿ ಘಾಟು ಮೂಗಿಗೆ ಹೊಡೆಯುತ್ತದೆ. ಈ ಪೊರೆ ಕೊಳಕಲ್ಲ, ಜೀವವುಳ್ಳದ್ದು. ಮದ್ಯವನ್ನು ವಿನೆಗರ್ ಮಾಡುವುದೂ ಇದೇ ಎಂದು 1860ರ ದಶಕದಲ್ಲಿ ಲೂಯಿ ಪಾಶ್ಚರ್ ವಾದಿಸಿದರು. ವಿನೆಗರಿನ ಹುಳಿಯೇ ಅಸಿಟಿಕ್ ಆಮ್ಲ. ಅದಕ್ಕೇ ಪೊರೆಯಲ್ಲಿನ ಈ ಜೀವಿಗಳನ್ನು ಇಂದು ನಾವು ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾ ಎನ್ನುತ್ತೇವೆ. ಅಸಿಟೋಬ್ಯಾಕ್ಟರ್, ಕೊಮಗಾಟೈಬ್ಯಾಕ್ಟರ್ ಮುಂತಾದವು ಈ ಕುಲದವು. ಎರಡನೆಯ ಹೆಸರನ್ನು ಉಚ್ಚರಿಸಲು ನನಗೂ ನಾಲ್ಕು ದಿನ ಬೇಕಾಯಿತು.

ಶೇಕಡ ಅರ್ಧದಷ್ಟು ಅಸಿಟಿಕ್ ಆಮ್ಲ ಇದ್ದರೂ ಹೆಚ್ಚಿನ ಸೂಕ್ಷ್ಮಜೀವಿಗಳು ನಲುಗುತ್ತವೆ. ಆದರೆ ಈ ಬ್ಯಾಕ್ಟೀರಿಯಾಗಳಲ್ಲಿ ಗಟ್ಟಿಗವು ಶೇಕಡ 15ನ್ನು ದಾಟಿದ ಹುಳಿಯಲ್ಲೂ ಕೆಲಸ ಮಾಡುತ್ತವೆ. ಈ ಆಮ್ಲದ ಕೇಡು ಇರುವುದು ಅದರ ನುಸುಳುವ ಗುಣದಲ್ಲಿ. ಹುಳಿ ಹೆಚ್ಚಾದ ದ್ರವದಲ್ಲಿ ಅದರ ಅಣು ಒಡೆಯದೆ ಇಡಿಯಾಗಿ ಉಳಿಯುತ್ತದೆ. ವಿದ್ಯುದಾವೇಶವಿಲ್ಲದ ಆ ಅಣುವನ್ನು ಕೋಶದ ಪೊರೆ ತಡೆಯಲಾರದು. ಒಳಗಿನ ಹುಳಿ ಕಡಿಮೆ. ಅಲ್ಲಿಗೆ ಹೋದದ್ದೇ ಅಣು ಒಡೆದು, ಹುಳಿಗೆ ಕಾರಣವಾದ ಪ್ರೋಟಾನನ್ನು ಬಿಡುತ್ತದೆ. ಕೋಶದೊಳಗೆಲ್ಲ ಹುಳಿಯೇರಿ ಕಿಣ್ವಗಳ ಕೆಲಸ ಕೆಡುತ್ತದೆ.

ಹಾಗಾದರೆ ಇವು ಬದುಕುವುದು ಹೇಗೆ? ಮೊದಲನೆಯದಾಗಿ, ಇವು ವಿಷವನ್ನು ಮನೆಯೊಳಗೆ ಬೇಯಿಸುವುದಿಲ್ಲ. ಮದ್ಯಸಾರವನ್ನು ಆಮ್ಲವಾಗಿಸುವ ಎರಡು ಕಿಣ್ವಗಳು ಕೋಶದ ಒಳಪೊರೆಯ ಹೊರಮೈಗೆ ಅಂಟಿಕೊಂಡಿವೆ. ಅಡುಗೆ ಅಂಗಳದಲ್ಲೇ ಮುಗಿಯುತ್ತದೆ. ಅಲ್ಲಿ ಸಿಗುವ ಎಲೆಕ್ಟ್ರಾನ್‌ಗಳು ಉಸಿರಾಟದ ಸರಪಳಿ ಎಂಬ ಪ್ರೋಟೀನುಗಳ ಸಾಲಿನಲ್ಲಿ ಹರಿದು ಆಮ್ಲಜನಕವನ್ನು ಸೇರುತ್ತವೆ. ಆ ಹರಿವಿನಿಂದ ಕೋಶಕ್ಕೆ ಶಕ್ತಿ ಬರುತ್ತದೆ. ಒಳಗೆ ನುಸುಳಿದ ಆಮ್ಲವನ್ನು ಹೊರದೂಡುವ ಪಂಪುಗಳು ನಡೆಯುವುದು ಇದೇ ಶಕ್ತಿಯಿಂದ. ವಿಷ ತಯಾರಿಸುವ ಕೆಲಸವೇ ವಿಷ ಹೊರಹಾಕುವುದಕ್ಕೆ ಕೂಲಿ ಕೊಡುತ್ತದೆ! ಇಷ್ಟು ಜಾಣ ಲೆಕ್ಕಾಚಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಈ ಲೆಕ್ಕ ಗಾಳಿಯನ್ನು ನೆಚ್ಚಿದೆ. ದೊಡ್ಡ ತೊಟ್ಟಿಗಳಲ್ಲಿ ಗಾಳಿ ಊದುತ್ತಾ ವಿನೆಗರ್ ಮಾಡುವವರಿಗೆ ವಿದ್ಯುತ್ ಹೋಗುವುದೆಂದರೆ ನಡುಕ. ಹುಳಿ ಏರಿರುವಾಗ ಒಂದು ನಿಮಿಷ ಗಾಳಿ ನಿಂತರೂ ಸಾಕು, ಪಂಪುಗಳು ಸೋತು ಆಮ್ಲ ಒಳಗೆ ತುಂಬಿಕೊಂಡು ಬ್ಯಾಕ್ಟೀರಿಯಾ ರಾಶಿರಾಶಿಯಾಗಿ ಸಾಯಬಹುದು. ತೆರೆದ ಪಾತ್ರೆಯಲ್ಲಿ ಪೊರೆ ದ್ರವದ ಮೇಲೆಯೇ ಕಟ್ಟುವುದು ಗಾಳಿಗಾಗಿ. ಕೆಲವು ಬಗೆಗಳು ಅದನ್ನು ಶುದ್ಧ ಸೆಲ್ಯುಲೋಸಿನಿಂದಲೇ ನೇಯುತ್ತವೆ. ಆ ಪೊರೆ ಆಮ್ಲಕ್ಕೂ ಒಂದಿಷ್ಟು ಅಡ್ಡಿ.

ಇನ್ನೂ ಉಪಾಯಗಳಿವೆ. ಹೋಪನಾಯ್ಡ್ ಎಂಬ ಕೊಬ್ಬಿನಂಥ ಅಣುಗಳು ಕೋಶಪೊರೆಯನ್ನು ಬಿಗಿಗೊಳಿಸುತ್ತವೆ. ಬಿಸಿ, ಹುಳಿ, ಮದ್ಯಸಾರ ಯಾವುದೇ ಕಾಡಿದರೂ ಮುದುಡಿದ ಪ್ರೋಟೀನುಗಳನ್ನು ಮತ್ತೆ ಸರಿಯಾಗಿ ಮಡಚುವ ಸಹಾಯಕ ಪ್ರೋಟೀನುಗಳು ಹೆಚ್ಚುತ್ತವೆ. ಈ ಕುಲಕ್ಕೆ ಹಿತವಾದದ್ದು ಸುಮಾರು 30 ಡಿಗ್ರಿ ಸೆಲ್ಸಿಯಸ್. ಆದರೂ ಪ್ರಯೋಗಾಲಯದಲ್ಲಿ ತಲೆಮಾರುಗಳುದ್ದಕ್ಕೂ ಬಿಸಿಯಲ್ಲೇ ಬೆಳೆಸಿದಾಗ 42 ಡಿಗ್ರಿಯಲ್ಲೂ ಬೆಳೆಯುವ ತಳಿ ಸಿಕ್ಕಿದೆ. ಜಾಗ ಬದಲಿಸುವ ಡಿಎನ್ಎ ತುಣುಕುಗಳು ಇವುಗಳ ಜೀನೋಮಿನಲ್ಲಿ ಹೇರಳವಾಗಿವೆ. ಅದಕ್ಕೇ ಇವುಗಳ ಗುಣ ಬೇಗ ಬದಲಾಗುತ್ತದೆ. ತಳಿ ಕಾಯುವವರ ತಲೆನೋವೂ ಅದೇ.

ಕೊನೆಯ ಉಪಾಯ ಆಮ್ಲವನ್ನೇ ತಿಂದುಬಿಡುವುದು. ಮದ್ಯಸಾರ ಇರುವವರೆಗೆ ಅಸಿಟೋಬ್ಯಾಕ್ಟರ್ ಆಮ್ಲವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮದ್ಯಸಾರ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಮಾಡಿದ ಹುಳಿಯನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಕರಗಿಸತೊಡಗುತ್ತದೆ. ವಿನೆಗರ್ ಮಾಡುವವರು ಇದನ್ನು ಚೆನ್ನಾಗಿ ಬಲ್ಲರು. ತೊಟ್ಟಿಯಲ್ಲಿ ಒಂದಿಷ್ಟು ಮದ್ಯಸಾರ ಉಳಿದಿರುವಾಗಲೇ ಅವರು ವಿನೆಗರನ್ನು ಹೊರತೆಗೆಯುತ್ತಾರೆ.

ನಮಸ್ಕಾರ.