ಎಲ್ ಬೋರ್ಡ್ ಹಾಕಿದ ಆರು ತಿಂಗಳು

ಕೇಳುಗರಿಗೆಲ್ಲ ನಮಸ್ಕಾರ.

ಪಿಯುಸಿ ಪರೀಕ್ಷೆ ಮುಗಿದ ಮೇಲೆ ಮನೆಮನೆಯಲ್ಲೂ ಒಂದೇ ಮಾತು ಶುರುವಾಗುತ್ತದೆ. "ಅಪ್ಪಾ, ಗಾಡಿ ಕೊಡಿಸು." ನಾನು ಬಹಳ ವರ್ಷ ಮೋಟಾರು ವಾಹನ ನಿರೀಕ್ಷಕನಾಗಿದ್ದವನು. ನಮ್ಮ ಹಳ್ಳಿಗಳ ಕಡೆ ಬ್ರೇಕ್ ಇನ್‌ಸ್ಪೆಕ್ಟರ್ ಅನ್ನುತ್ತಾರಲ್ಲ, ಆ ಕೆಲಸ. ಇವತ್ತು ಆ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಒಂದೇ ಒಂದು ವಿಷಯ ಹೇಳಬೇಕು ಅಂತ ಬಂದಿದ್ದೇನೆ. ಎಲ್‌ಎಲ್, ಅಂದರೆ ಲರ್ನರ್ಸ್ ಲೈಸೆನ್ಸ್ ಅನ್ನುವುದು ಕಲಿಯುವುದಕ್ಕೆ ಕೊಡುವ ಅನುಮತಿ. ಅದು ಕೈಯಲ್ಲಿರುವಷ್ಟು ದಿನ ಗಾಡಿ ಮೇಲೆ ನೀವೊಬ್ಬರೇ ಇರಬಾರದು. ಡಿಎಲ್, ಅಂದರೆ ಪೂರ್ತಿ ಡ್ರೈವಿಂಗ್ ಲೈಸೆನ್ಸ್ ಇರುವ ಒಬ್ಬರು ಜೊತೆಗಿರಬೇಕು.

ಮೊದಲು ವಯಸ್ಸಿನ ವಿಷಯ. ಕಾರಿಗಾಗಲಿ, ಬೈಕಿಗಾಗಲಿ 18 ತುಂಬಿರಬೇಕು. "16ಕ್ಕೇ ಲೈಸೆನ್ಸ್ ಕೊಡ್ತಾರಂತೆ ಸಾರ್" ಅಂತ ಬಹಳ ಜನ ಕೇಳುತ್ತಾರೆ. ಕೊಡುತ್ತಾರೆ. ಆದರೆ ಅದು 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಗೆ ಮಾತ್ರ. ಅದಕ್ಕೂ ತಂದೆ ತಾಯಿ ಬರೆದುಕೊಟ್ಟ ಒಪ್ಪಿಗೆ ಬೇಕು. ಈಗಿನ ಮೋಟಾರು ವಾಹನ ಕಾಯ್ದೆ ಬಂದದ್ದು 1988ರಲ್ಲಿ. ಆಗ ಬೀದಿ ತುಂಬ ಲೂನಾ, ಟಿವಿಎಸ್ 50 ಓಡಾಡುತ್ತಿದ್ದವು. ಇವತ್ತು ನಿಮ್ಮ ಮನೆ ಮುಂದೆ ನಿಂತಿರುವ ಸ್ಕೂಟರ್ ಎಷ್ಟು ಸಿಸಿ, ಸ್ವಲ್ಪ ಆರ್‌ಸಿ, ಅಂದರೆ ನೋಂದಣಿ ಪತ್ರ ತೆಗೆದು ನೋಡಿ. 110 ಇರುತ್ತದೆ, ಇಲ್ಲ 125 ಇರುತ್ತದೆ. 16ರ ಲೈಸೆನ್ಸ್ ಇಟ್ಟುಕೊಂಡು ಅದನ್ನು ಮುಟ್ಟುವ ಹಾಗಿಲ್ಲ. ಗೇರ್ ಇಲ್ಲ ಅಂದಮಾತ್ರಕ್ಕೆ ಅದು ಮಕ್ಕಳ ಗಾಡಿ ಆಗುವುದಿಲ್ಲ.

ಟ್ಯೂಷನ್‌ಗೆ ಹೋಗಲಿ ಅಂತ ನೀವು ಸ್ಕೂಟರ್ ಕೀ ಕೊಟ್ಟಿರಿ ಅಂದುಕೊಳ್ಳಿ. ಹುಡುಗನಿಗೆ 18 ಆಗಿಲ್ಲ. ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ. 2019ರ ತಿದ್ದುಪಡಿ ಬಂದ ಮೇಲೆ 25,000 ರೂಪಾಯಿ ದಂಡ ಇದೆ, ಮೂರು ವರ್ಷದವರೆಗೆ ಜೈಲೂ ಇದೆ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ತುಂಬುವ ತನಕ ಎಲ್‌ಎಲ್ ಕೂಡ ಸಿಗುವುದಿಲ್ಲ. ಅಪಘಾತವಾದರೆ ವಿಮಾ ಕಂಪನಿ ಪೆಟ್ಟು ತಿಂದವರಿಗೆ ಪರಿಹಾರ ಕೊಟ್ಟು, ಆಮೇಲೆ ಆ ದುಡ್ಡನ್ನು ಗಾಡಿ ಮಾಲೀಕರಿಂದ ವಸೂಲಿ ಮಾಡುತ್ತದೆ. ಹೊಲ ಮಾರಿ ಪರಿಹಾರ ಕಟ್ಟಬೇಕಾಗಿ ಬರಬಹುದು. ಟ್ಯೂಷನ್‌ಗೆ ಸೈಕಲ್ ಸಾಕು.

ಸರಿ, 18 ತುಂಬಿತು. ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ. ಆಧಾರ್ ಇದ್ದರೆ ಮನೆಯಲ್ಲೇ ಕೂತು ಎಲ್‌ಎಲ್ ಪರೀಕ್ಷೆ ಬರೆಯಬಹುದು. ರಸ್ತೆ ಚಿಹ್ನೆ, ಸಿಗ್ನಲ್, ಯಾರಿಗೆ ಮೊದಲು ದಾರಿ ಬಿಡಬೇಕು, ಇಂಥ ಪ್ರಶ್ನೆಗಳು. ನೂರಕ್ಕೆ 60ರಷ್ಟು ಸರಿ ಉತ್ತರ ಕೊಟ್ಟರೆ ಪಾಸ್. ದಯವಿಟ್ಟು ಇದನ್ನು ಸೈಬರ್ ಸೆಂಟರ್ ಹುಡುಗನ ಕೈಲಿ ಬರೆಸಬೇಡಿ. ರಸ್ತೆಗೆ ಇಳಿಯುವವರು ನೀವು, ಅವನಲ್ಲ.

ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕಿ 30 ದಿನ ಆದ ಮೇಲೆ ಡಿಎಲ್ ಪರೀಕ್ಷೆಗೆ ಬರಬಹುದು. ಈ 30 ದಿನ ಯಾಕೆ ಇಟ್ಟಿದ್ದಾರೆ? ಕಾಯುವುದಕ್ಕೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕಲಿಯುವುದಕ್ಕೆ ಇಟ್ಟಿದ್ದಾರೆ!

ಒಂದು ಘಟನೆ ಹೇಳುತ್ತೇನೆ. ನಾನು ಆಗ ಒಂದು ಸಣ್ಣ ಊರಿನಲ್ಲಿ ಕೆಲಸದಲ್ಲಿದ್ದೆ. ಒಂದು ಬೆಳಿಗ್ಗೆ ಡಿಎಲ್ ಪರೀಕ್ಷೆಗೆ ಒಬ್ಬ ಹುಡುಗ ಬಂದ. ಗೇರ್ ಬೈಕ್. ಎಂಟು ಹಾಕು, ಅಂದರೆ ನೆಲದ ಮೇಲೆ ಬರೆದ 8ರ ಗೆರೆಯೊಳಗೇ ಬೈಕ್ ತಿರುಗಿಸು ಅಂದೆ. ಅಬ್ಬಾ, ಎಷ್ಟು ಚೆನ್ನಾಗಿ ಹಾಕಿದ ಅಂದರೆ, ಕಾಲು ಊರಲಿಲ್ಲ, ಗೆರೆ ದಾಟಲಿಲ್ಲ, ಬೈಕ್ ನೀರಿನ ಹಾಗೆ ತಿರುಗಿತು. ಸಾಲಿನಲ್ಲಿ ನಿಂತಿದ್ದವರೆಲ್ಲ ನೋಡುತ್ತಾ ನಿಂತುಬಿಟ್ಟರು. ಆಮೇಲೆ ರಸ್ತೆಗೆ ಹೋಗಿ ಒಂದು ಸುತ್ತು ಬಾ ಅಂದೆ. ಗೇಟಿನಿಂದ ರಸ್ತೆಗೆ ಇಳಿಯುವಾಗ ಬಲಕ್ಕೆ ನೋಡಲಿಲ್ಲ. ಕನ್ನಡಿ ನೋಡಲಿಲ್ಲ. ಇಂಡಿಕೇಟರ್ ಹಾಕಲಿಲ್ಲ. ನಾನು ಫೇಲ್ ಮಾಡಿದೆ.

ಅವನ ಕಣ್ಣಲ್ಲಿ ನೀರು ಬಂತು. "ಸಾರ್, ಎಂಟು ಸರಿಯಾಗಿ ಹಾಕಿದ್ನಲ್ಲ" ಅಂದ. "ಹಾಕಿದೆಯಪ್ಪ, ಆದರೆ ನಿಮ್ಮೂರ ರಸ್ತೆ ಎಂಟರ ಹಾಗಿದೆಯಾ?" ಅಂದೆ. ಕೀ ತೆಗೆದುಕೊಂಡು ಹೊರಟ. ತಡೆದೆ. "ಎಲ್ಲಿಗೆ?" "ಮನೆಗೆ ಸಾರ್." "ಜೊತೆಗೆ ಯಾರಿದ್ದಾರೆ?" "ಯಾರೂ ಇಲ್ಲ, ಒಬ್ಬನೇ ಬಂದೆ." ಬೈಕಿಗೆ ಎಲ್ ಬೋರ್ಡೂ ಇರಲಿಲ್ಲ. ಈ ಗಾಡಿ ಹೀಗೆ ಹೋಗುವ ಹಾಗಿಲ್ಲ, ಮನೆಗೆ ಫೋನ್ ಮಾಡು ಅಂದೆ.

ಅವನ ಸೋದರಮಾವ ಬಸ್ಸು ಹಿಡಿದು ಬಂದರು. ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಬೆಳಿಗ್ಗೆಯಿಂದ ಹೊಲದಲ್ಲಿದ್ದವರು, ಕೈಕಾಲಲ್ಲಿ ಇನ್ನೂ ಮಣ್ಣಿತ್ತು. ನನ್ನ ಮೇಲೆ ಸಿಟ್ಟಿತ್ತು, ಆದರೆ ಏನೂ ಅನ್ನಲಿಲ್ಲ. ಅವರಿಗೆ ಡಿಎಲ್ ಇತ್ತು. ನಮ್ಮ ಅಟೆಂಡರ್ ಒಂದು ರಟ್ಟಿನ ಮೇಲೆ ಕೆಂಪು ಇಂಕಿನಲ್ಲಿ ಎಲ್ ಬರೆದುಕೊಟ್ಟರು. ಹುಡುಗ ಮುಂದೆ, ಮಾವ ಹಿಂದೆ. ಹೊರಟರು.

ಫೇಲ್ ಆದವರು ಏಳು ದಿನದ ಮೇಲೆ ಮತ್ತೆ ಬರಬಹುದು. ಈ ಹುಡುಗ ಒಂದು ತಿಂಗಳು ಬಿಟ್ಟು ಬಂದ. ಮಾವನೂ ಜೊತೆಗಿದ್ದರು. ಅವರೇ ನನ್ನ ಹತ್ತಿರ ಬಂದು ಹೇಳಿದರು. "ಸಾರ್, ಆವತ್ತು ಹಿಂದೆ ಕೂತ ಮೇಲೇ ನನಗೆ ಗೊತ್ತಾಗಿದ್ದು, ಇವನಿಗೆ ಬ್ರೇಕ್ ಹಿಡಿಯೋಕೇ ಬರಲ್ಲ ಅಂತ. ಬರೀ ಕಾಲಿನ ಬ್ರೇಕ್ ತುಳೀತಾನೆ. ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಹೊಡೆಯುತ್ತೆ ಅಂತ ಯಾರೋ ಹೇಳಿದ್ರಂತೆ."

ನೋಡಿ, ಎರಡು ವರ್ಷದಿಂದ ಕದ್ದುಮುಚ್ಚಿ ಬೈಕ್ ಓಡಿಸಿದ್ದ ಹುಡುಗ ಅವನು. ಎಂಟು ಹಾಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ, ಗಾಡಿಯನ್ನು ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿನಲ್ಲೇ ಇದೆ, ಎರಡನ್ನೂ ಒಟ್ಟಿಗೆ ಮೆಲ್ಲಗೆ ಒತ್ತಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾಕೆಂದರೆ ಅವನ ಹಿಂದೆ ಯಾರೂ ಕೂತಿರಲಿಲ್ಲ! ಆ ಮಾವ ನಾಲ್ಕು ಭಾನುವಾರ ಹಿಂದೆ ಕೂತು ಕಲಿಸಿದ್ದರು. ಸಂತೆ ದಿನದ ಜನದಲ್ಲಿ, ಒಕ್ಕಣೆಗೆ ಹುಲ್ಲು ಹರವಿದ ರಸ್ತೆಯಲ್ಲಿ, ಲಾರಿ ಹಿಂದೆ. ಈ ಸಲ ಹುಡುಗ ಗೇಟಿನಲ್ಲಿ ನಿಂತು ಎರಡೂ ಕಡೆ ನೋಡಿದ. ಪಾಸ್ ಮಾಡಿದೆ. ಅಷ್ಟು ಖುಷಿಯಿಂದ ನಾನು ಯಾರ ಅರ್ಜಿಗೂ ಸಹಿ ಹಾಕಿದ ನೆನಪಿಲ್ಲ.

ಅಪ್ಪ ಅಮ್ಮಂದಿರೇ, ನಿಮ್ಮ ಕೆಲಸ ಇದು. ಬೈಕಾದರೆ ಹಿಂದೆ, ಕಾರಾದರೆ ಪಕ್ಕದಲ್ಲಿ ಕೂತುಕೊಳ್ಳಿ. ಕಲಿಯುವವರ ಬೈಕಿನಲ್ಲಿ ಗೆಳೆಯರು ಕೂರುವ ಹಾಗಿಲ್ಲ, ಕಲಿಸುವವರು ಮಾತ್ರ ಕೂರಬೇಕು. ಇಬ್ಬರಿಗೂ ಹೆಲ್ಮೆಟ್ ಇರಬೇಕು. ಪುರುಸೊತ್ತಿಲ್ಲ ಅನ್ನಬೇಡಿ. ಸ್ಕೂಲಿಗೆ ಸೇರಿಸುವ ದಿನ ರಜೆ ಹಾಕಿದ್ದಿರಿ, ಅಲ್ವಾ?

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೇಂದ್ರದ ನಿಯಮದಂತೆ ಎಲ್‌ಎಲ್‌ಗೆ ಒಂದೊಂದು ಬಗೆಯ ಗಾಡಿಗೂ 150 ರೂಪಾಯಿ, ಆ ಪರೀಕ್ಷೆಗೆ 50. ಡಿಎಲ್ ಪರೀಕ್ಷೆಗೆ 300, ಡಿಎಲ್‌ಗೆ 200. ಮಧ್ಯವರ್ತಿ ಸಾವಿರಗಟ್ಟಲೆ ಕೇಳಿದರೆ ಈ ಲೆಕ್ಕ ನೆನಪಿರಲಿ. ಮೂರು ಸಲ ಫೇಲ್ ಆದರೆ 60 ದಿನ ಕಾಯಬೇಕು. ಬೆಂಗಳೂರಿನ ಜ್ಞಾನಭಾರತಿಯಂಥ ಕಡೆ ಕ್ಯಾಮೆರಾ, ಸೆನ್ಸರ್ ಇರುವ ಟ್ರ್ಯಾಕ್ ಇದೆ. ಅಲ್ಲಿ ಶಿಫಾರಸು ನಡೆಯುವುದಿಲ್ಲ, ಕಲಿತಿದ್ದರೆ ಮಾತ್ರ ಪಾಸ್. 18ಕ್ಕೆ ಪಡೆದ ಡಿಎಲ್ ನಿಮಗೆ 40 ತುಂಬುವ ತನಕ ನಡೆಯುತ್ತದೆ.

ಇನ್ನು ಎಲ್ ಬೋರ್ಡ್. ಅದನ್ನು ಅಂಗಡಿಯಿಂದ ತರಬೇಕಿಲ್ಲ. 18 ಸೆಂಟಿಮೀಟರ್ ಉದ್ದ ಅಗಲದ ಬಿಳಿ ರಟ್ಟು ಎರಡು ತೆಗೆದುಕೊಳ್ಳಿ. 10 ಸೆಂಟಿಮೀಟರ್ ಎತ್ತರಕ್ಕೆ ಕೆಂಪು ಬಣ್ಣದಲ್ಲಿ ಎಲ್ ಬರೆಯಿರಿ. ಒಂದು ಗಾಡಿ ಮುಂದೆ, ಒಂದು ಹಿಂದೆ ಕಟ್ಟಿ. ಇದನ್ನು ಶನಿವಾರ ರಾತ್ರಿಯೇ ಮಾಡಿಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ರಸ್ತೆ ಖಾಲಿ ಇರುತ್ತದೆ. ಮಗಳಿಗೋ ಮಗನಿಗೋ ಕೀ ಕೊಡಿ, ನೀವು ಹಿಂದೆ ಹತ್ತಿ ಕೂತುಕೊಳ್ಳಿ.

ನಮಸ್ಕಾರ.