‘ಆಮೇಲೆ’ ಒತ್ತುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಚೇರಿಗಳಲ್ಲಿ ಸೈಬರ್ ಭದ್ರತೆ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಹೆಸರು ದೊಡ್ಡದು. ನಾನು ಹೇಳುವುದು ಒಂದೇ ಮಾತು: ಕಂಪ್ಯೂಟರ್ ಅಪ್‌ಡೇಟ್ ಕೇಳಿದರೆ ಅವತ್ತೇ ಹಾಕಿ. ಗಂಜ್‌ನಲ್ಲಿ ಅಡತಿ ಅಂಗಡಿ ಇಟ್ಟವರು, ರೈಸ್ ಮಿಲ್ ನಡೆಸುವವರು, ಸೊಸೈಟಿ ಕಾರ್ಯದರ್ಶಿಗಳು, ಶಾಲೆಯ ಆಫೀಸಿನಲ್ಲಿ ಕೂರುವವರು, ನಿಮಗೇ ಹೇಳುತ್ತಿದ್ದೇನೆ. ರಾಯಚೂರಿಗೆ ಯಾರು ಬರುತ್ತಾರೆ, ನಮ್ಮ ಹತ್ತಿರ ಕದಿಯಲು ಏನಿದೆ ಅಂತ ನಗಬೇಡಿ. ಕಳ್ಳರು ಊರು ನೋಡಿ ಬರುವುದಿಲ್ಲ. ಒಂದು ಪ್ರೋಗ್ರಾಮ್ ಬರೆದು ಬಿಟ್ಟಿರುತ್ತಾರೆ. ಅದು ಹಗಲು ರಾತ್ರಿ ಕಂಪ್ಯೂಟರ್‌ಗಳ ಬಾಗಿಲು ತಳ್ಳಿ ನೋಡುತ್ತಾ ಹೋಗುತ್ತದೆ. ಚಿಲಕ ಹಾಕದ ಬಾಗಿಲು ಸಿಕ್ಕರೆ ಮುಗಿಯಿತು.

2024ರ ಆಗಸ್ಟ್ 10ರ ರಾತ್ರಿ ನೆನಪಿದೆ ಅಲ್ವಾ? ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಗೇಟು ಒಟ್ಟು 33, ಹೋಗಿದ್ದು ಒಂದು. ನೀರಿಗೆ ಅಷ್ಟು ಸಾಕಾಯಿತು. ಸಾಫ್ಟ್‌ವೇರ್‌ನಲ್ಲೂ ಬರೆಯುವಾಗಲೇ ಎಲ್ಲೋ ಒಂದು ಕೊಂಡಿ ಸಡಿಲ ಉಳಿದಿರುತ್ತದೆ. ಗೊತ್ತಾದ ಮೇಲೆ ಕಂಪನಿಯವರು ತೇಪೆ ಕಳಿಸುತ್ತಾರೆ. ಆ ತೇಪೆಗೇ ಅಪ್‌ಡೇಟ್ ಅನ್ನುವುದು. ತೇಪೆ ಬಂತು ಅಂದರೆ ತೂತು ಎಲ್ಲಿತ್ತು ಅನ್ನುವುದು ಕಳ್ಳನಿಗೂ ಗೊತ್ತಾಯಿತು. ಅದಕ್ಕೇ ಅವತ್ತೇ ಹಾಕಿ ಅನ್ನುತ್ತೇನೆ.

ವನ್ನಾಕ್ರೈ ಹೆಸರು ಕೇಳಿರಬಹುದು, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಮ್ ಅದು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ಕ್ಕೇ ತೇಪೆ ಕೊಟ್ಟಿತ್ತು. ದಾಳಿ ಆಗಿದ್ದು ಮೇ 12ಕ್ಕೆ. ನಡುವೆ 59 ದಿನ! ಹಾಕಿಕೊಳ್ಳದವರು ಸುಮಾರು 150 ದೇಶಗಳಲ್ಲಿ ಸಿಕ್ಕಿಬಿದ್ದರು. ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು.

ಅಷ್ಟು ದೂರ ಯಾಕೆ, ನಮ್ಮ ಕಡೆಯದೇ ಒಂದು ಹೇಳುತ್ತೇನೆ. ಹತ್ತಿ ಸೀಜನ್. ಒಂದು ಜಿನ್ನಿಂಗ್ ಮಿಲ್‌ನಿಂದ ಬೆಳಿಗ್ಗೆ ಏಳಕ್ಕೇ ಫೋನು. ‘ಸರ, ಒಂದು ಫೈಲೂ ಓಪನ್ ಆಗವಲ್ದು ರೀ.’ ಹೋಗಿ ನೋಡಿದೆ. ಗೇಟಿನಿಂದ ರಸ್ತೆವರೆಗೆ ಹತ್ತಿ ತುಂಬಿದ ಟ್ರ್ಯಾಕ್ಟರ್‌ಗಳು. ಒಳಗೆ ಕಾಟಾ, ಅಂದರೆ ತೂಕದ ಯಂತ್ರದ ಕಂಪ್ಯೂಟರ್ ಪರದೆ ಮೇಲೆ ಇಂಗ್ಲಿಷಿನಲ್ಲಿ ಒಂದು ಚೀಟಿ: ದುಡ್ಡು ಕೊಟ್ಟರೆ ಫೈಲ್ ಬಿಡಿಸಿಕೊಡುತ್ತೇವೆ. ತೂಕದ ಲೆಕ್ಕ, ಯಾವ ರೈತರಿಗೆ ಎಷ್ಟು ಬಾಕಿ, ಟ್ಯಾಲಿ, ಎಲ್ಲಕ್ಕೂ ಬೀಗ. ಬ್ಯಾಕಪ್ ಎಲ್ಲಿ ಅಂದೆ. ಮಾಲೀಕರು ಕಂಪ್ಯೂಟರ್ ಹಿಂದೆ ಕೈ ತೋರಿಸಿದರು. ಪೆನ್‌ಡ್ರೈವ್ ಅಲ್ಲೇ ಸಿಕ್ಕಿಸಿದಂತೇ ಇತ್ತು, ಮೇಲೆ ಹತ್ತಿ ಧೂಳು. ಅದಕ್ಕೂ ಬೀಗ ಬಿದ್ದಿತ್ತು.

ಲೆಕ್ಕ ಬರೆಯುವವರನ್ನು ಪಕ್ಕಕ್ಕೆ ಕರೆದು ಅಪ್‌ಡೇಟ್ ಕೇಳುತ್ತಿರಲಿಲ್ಲವೇ ಅಂದೆ. ‘ದಿನಾ ಕೇಳ್ತಿತ್ರಿ. ಕಾಟಾ ಮುಂದ ಟ್ರ್ಯಾಕ್ಟರ್ ನಿಂತಿರ್ತಾವು, ನಡುವ ಬಂದ್ ಆಗಿ ಕುಂತ್ರ ಏನ್ ಮಾಡ್ಲಿ? ಆಮ್ಯಾಲೆ ಅಂತ ಒತ್ತತಿದ್ದೆ.’ ಅವರ ಮೇಲೆ ಸಿಟ್ಟು ಬರಲಿಲ್ಲ. ಅಪ್‌ಡೇಟ್‌ಗೆ ಅರ್ಧ ಗಂಟೆ ಬಿಡುವು ಕೊಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲವಲ್ಲ.

ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಕಾಟಾ ಮೇಲೆ ಕೂರುವ ಹುಡುಗ ಎರಡು ದಿನ ಮುಂಚೆಯೇ ಆಂಟಿವೈರಸ್ ಗುರುತು ಕೆಂಪಾಗಿದ್ದನ್ನು ನೋಡಿದ್ದ. ಯಾರಿಗೂ ಹೇಳಿರಲಿಲ್ಲ. ಯಾಕೆ ಅಂದರೆ, ಹಿಂದಿನ ತಿಂಗಳು ಪ್ರಿಂಟರ್ ಕೆಟ್ಟಿದೆ ಅಂತ ಹೇಳಿದಾಗ ನೀನೇ ಕೆಡಿಸಿದ್ದು ಅಂತ ಅವನ ಸಂಬಳದಲ್ಲಿ ಹಿಡಿದಿದ್ದರಂತೆ. ಅವತ್ತೇ ಒಂದು ಮಾತು ಹೇಳಿದ್ದರೆ ಇಂಟರ್ನೆಟ್ ತಂತಿ ಕಿತ್ತು ಕೂರುತ್ತಿದ್ದೆವು. ಮಾಲೀಕರೇ, ತರಬೇತಿ ಅಂತ ವರ್ಷಕ್ಕೊಮ್ಮೆ ಚಹಾ ಬಿಸ್ಕತ್ತು ಕೊಟ್ಟು ಭಾಷಣ ಮಾಡಿಸುತ್ತೀರಿ, ಮಾಡಿಸಿ. ಆದರೆ ಬಂದು ಹೇಳಿದ ಹುಡುಗನನ್ನು ಮೊದಲು ಬೈಯಬೇಡಿ.

ದುಡ್ಡು ಕೊಡಬೇಡಿ ಅಂದೆ, ಕೊಡಲಿಲ್ಲ. ಆಡಿಟರ್ ಬಳಿ ದಸರೆ ಹೊತ್ತಿನ ಒಂದು ಕಾಪಿ ಇತ್ತು. ಮುಂದಿನದನ್ನು ತೂಕದ ಚೀಟಿ ನೋಡಿ ನೋಡಿ ಕೈಯಲ್ಲಿ ಬರೆದರು. ಹನ್ನೊಂದು ದಿನ ಹಿಡಿಯಿತು.

ಕೊಟ್ಟ ಸಮಯ ಈ ಕಥೆಗೇ ಹೋಯಿತು, ಉಳಿದದ್ದು ಗಡಿಬಿಡಿಯಲ್ಲಿ ಹೇಳುತ್ತೇನೆ. ಬ್ಯಾಕಪ್ ತೆಗೆದ ಮೇಲೆ ಡ್ರೈವ್ ಕಿತ್ತು ಬೀರುವಿನಲ್ಲಿಡಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಬೇಡ. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇಂಥ ದಾಳಿ ಆದರೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರಿಂದ ನಿಯಮವೇ ಇದೆ. ವಿಂಡೋಸ್ 10 ಇಟ್ಟುಕೊಂಡವರಿಗೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ತೇಪೆ ನಿಂತಿದೆ. ನಿಮ್ಮದು ಯಾವುದು ಅಂತ ಇವತ್ತೇ ನೋಡಿ. ಅಪ್‌ಡೇಟ್ ಅಂತೂ ಅವತ್ತಿನದು ಅವತ್ತೇ.

ಮೈಕ್ರೋಸಾಫ್ಟ್ ತೇಪೆಗಳು ತಿಂಗಳ ಎರಡನೇ ಮಂಗಳವಾರ ಬರುತ್ತವೆ, ನಮಗೆ ರಾತ್ರಿ ಆಗಿರುತ್ತದೆ. ಆ ಮಿಲ್‌ನಲ್ಲಿ ಈಗ ಮರುದಿನ ಬುಧವಾರ ಊಟದ ಹೊತ್ತಿಗೆ ಅರ್ಧ ಗಂಟೆ ಕಾಟಾ ಬಂದ್. ಅಪ್‌ಡೇಟ್ ಹಾಕುವುದು ಅದೇ ಹುಡುಗ. ಮುಗಿದ ಮೇಲೆ ನನಗೊಂದು ಮಿಸ್ಡ್ ಕಾಲ್ ಕೊಡುತ್ತಾನೆ. ಪ್ರಿಂಟರ್ ಮಾತ್ರ ಇನ್ನೂ ಹಳೆಯದೇ ಇದೆ.

ನಮಸ್ಕಾರ.